ಕಣ್ಣಿಗೆ ಬೀಳದ ಬಿರುಕು

ಗ್ಯಾರೇಜಿನಲ್ಲಿ ಎಲ್ಲರೂ ಅವಳನ್ನು ಹೆಡ್ ಮೇಡಂ ಎಂದೇ ಕರೆಯುತ್ತಿದ್ದರು. ಶಾಲೆಯಿಲ್ಲ, ಮಕ್ಕಳಿಲ್ಲ, ಅವಳ ಮುಂದೆ ಸಾಲಾಗಿ ಕೂರುತ್ತಿದ್ದವು ಎಂಜಿನ್ನಿನ ಹೆಡ್ಡುಗಳು, ಸಿಲಿಂಡರುಗಳನ್ನು ಮುಚ್ಚುವ ಲೋಹದ ಮುಚ್ಚಳಗಳು. ಎಂಜಿನ್ ವಿಪರೀತ ಕಾದು ಹೆಡ್ಡಿನ ಕೆಳಗೆ ಹಾಸುವ ಗ್ಯಾಸ್ಕೆಟ್ ಸುಟ್ಟುಹೋಯಿತೆಂದರೆ, ಮೆಕ್ಯಾನಿಕ್‌ಗಳು ಹೆಡ್ಡು ಬಿಚ್ಚಿ ತಂದು ಅವಳ ಮೇಜಿನ ಮೇಲಿಡುತ್ತಿದ್ದರು. ಅವಳು ಮಸಿ ಕೆರೆದು, ಉಕ್ಕಿನ ಪಟ್ಟಿಯನ್ನು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು ಎಲ್ಲಾದರೂ ಬಾಗಿದೆಯೇ ಎಂದು ನೋಡುವಳು. ಆಮೇಲೆ ಕೆಂಪು ಬಣ್ಣ ಹೊಡೆದು, ಒರೆಸಿ, ಮೇಲೆ ಬಿಳಿ ಪುಡಿ ಸಿಂಪಡಿಸುವಳು. ಬಿರುಕಿದ್ದರೆ ಒಳಗೆ ಅಡಗಿದ ಕೆಂಪು ಬಣ್ಣ ಕೂದಲೆಳೆಯಂತೆ ಮೇಲೆ ಮೂಡುತ್ತಿತ್ತು. ಅವಳು "ಹಾಕ್ಕೊಳ್ಳಿ" ಅಂದರೆ ಮುಗಿಯಿತು. ಇಪ್ಪತ್ತೆರಡು ವರ್ಷದಿಂದ ಯಾರೂ ಎರಡನೇ ಸಲ ನೋಡಿದ್ದಿಲ್ಲ.

ಈಗ ಆ ನಂಬಿಕೆಯೇ ಅವಳಿಗೆ ದಿಗಿಲು ಹುಟ್ಟಿಸುತ್ತಿತ್ತು. ಎಡಗಣ್ಣು ಮೊದಲಿನಿಂದಲೂ ಅಷ್ಟಕ್ಕಷ್ಟೆ. ಆರು ತಿಂಗಳಿಂದ ಬಲಗಣ್ಣಿಗೂ ಮಂಜು ಕವಿದಿತ್ತು. ಪೊರೆ ಬಂದಿದೆ, ಆಪರೇಷನ್ ಮಾಡಿಸಿ ಎಂದಿದ್ದರು ಡಾಕ್ಟರು. ತಿಳಿದರೆ ಮೇಜು ಇನ್ನೊಬ್ಬರ ಪಾಲಾದೀತೆಂದು ಅವಳು ಬಾಯಿ ಬಿಡಲಿಲ್ಲ. ಹೆಡ್ಡನ್ನು ಕಿಟಕಿ ಹತ್ತಿರ ಎಳೆದುಕೊಂಡು, ಅರ್ಧ ಕಂಡು ಅರ್ಧ ಊಹಿಸಿ ದಿನ ದೂಡುತ್ತಿದ್ದಳು.

ಒಂದು ಮಧ್ಯಾಹ್ನ ಟ್ರ್ಯಾಕ್ಟರಿನ ಹೆಡ್ಡೊಂದನ್ನು ನೋಡಿ "ಸರಿಯಾಗಿದೆ" ಎಂದಳು. ಹಾದುಹೋಗುತ್ತಿದ್ದ ಮಾಲೀಕ ಬಗ್ಗಿ ನೋಡಿದ.

"ಇದೇನು ಮೇಡಂ, ಇಷ್ಟುದ್ದ ಗೆರೆ ಬಿದ್ದಿದೆಯಲ್ಲ?"

"ಇನ್ನೂ ಪೂರ್ತಿ ನೋಡಿಲ್ಲ, ತಡೀರಿ," ಎಂದು ನಕ್ಕಳು. ಆದರೆ ಆಗಲೇ ನೆನಪಾಯಿತು. ಮೊನ್ನೆ ಇದೇ ಕಣ್ಣಿನಿಂದ ಆಂಬ್ಯುಲೆನ್ಸ್ ಹೆಡ್ಡು ನೋಡಿ ಕಳಿಸಿದ್ದಳು. ಅದನ್ನು ಓಡಿಸುವವನು ಅವಳ ಸ್ವಂತ ತಮ್ಮ.

ಕೂಡಲೇ ಅವನಿಗೆ ಫೋನ್ ಮಾಡಿದಳು.

"ಎಲ್ಲಿದ್ದೀಯೋ?"

"ಬೆಟ್ಟದ ರಸ್ತೇಲಿದ್ದೀನಿ ಅಕ್ಕ. ಹಿಂದೆ ಹೆರಿಗೆ ನೋವಿನ ಹೆಂಗಸಿದ್ದಾಳೆ."

"ಟೆಂಪರೇಚರ್ ಮುಳ್ಳು ಎಲ್ಲಿದೆ?"

"ಸ್ವಲ್ಪ ಮೇಲೇ ಇದೆ. ಏರು ಅಲ್ವಾ, ಅದಕ್ಕೇ ಅಂದ್ಕೊಂಡೆ."

"ಏರಿಗಲ್ಲ ಕಣೋ! ಹೆಡ್ಡು ಬಿರುಕು ಬಿಟ್ಟಿದ್ರೆ ಎಂಜಿನ್ ಕಾದು ದಾರೀಲೇ ನಿಂತುಬಿಡುತ್ತೆ. ಅಗಲ ಜಾಗ ಸಿಕ್ಕಿದ ತಕ್ಷಣ ನಿಲ್ಲಿಸು. ರೇಡಿಯೇಟರ್ ಮುಚ್ಚಳ ಮಾತ್ರ ತೆಗೀಬೇಡ. ಬೇರೆ ಗಾಡಿ ಕಳಿಸ್ತೀವಿ."

ಮಾಲೀಕ ಹತ್ತಿರ ಬಂದ. "ಬೇರೆ ಗಾಡಿ ಯಾಕೆ? ಆ ಹೆಡ್ಡು ನೋಡಿದ್ದು ನೀವೇ ತಾನೆ?"

ಬೋಲ್ಟ್ ಸರಿಯಾಗಿ ಬಿಗಿದಿಲ್ಲವೇನೋ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಬೋಲ್ಟ್ ಬಿಗಿದವನು ಆಚೆ ಮೂಲೆಯಲ್ಲಿ ತಲೆ ತಗ್ಗಿಸಿ ಕೆಲಸ ಮಾಡುತ್ತಿದ್ದ. ಅವಳು ಮಾತು ನುಂಗಿದಳು.

"ನೋಡಿದ್ದು ನಾನೇ. ಆದ್ರೆ ನನಗೆ ಕಣ್ಣು ಕಾಣಲ್ಲ."

ಮಾಲೀಕ ಒಂದು ಕ್ಷಣ ಅವಳ ಮುಖವನ್ನೇ ನೋಡಿದ. ಬೇರೆ ಆಂಬ್ಯುಲೆನ್ಸ್ ಕೇಳಲು ಆಸ್ಪತ್ರೆಗೆ ಫೋನ್ ಹಚ್ಚಿದ.

ಆಮೇಲಿನ ಐವತ್ತು ನಿಮಿಷ ಅವಳು ಸ್ಟೂಲಿನ ಮೇಲೆ ಕೂತೇ ಇದ್ದಳು. ಆ ಹೆಂಗಸಿನ ಮುಖ ಅವಳಿಗೆ ಗೊತ್ತಿರಲಿಲ್ಲ, ಆದರೂ ನರಳಾಟ ಕಿವಿಯಲ್ಲೇ ಕೇಳಿದಂತಾಗುತ್ತಿತ್ತು. ಫೋನ್ ಹೊಡೆದುಕೊಂಡಾಗ ಎತ್ತಲು ಕೈಯೇ ಬರಲಿಲ್ಲ. ಬೋಲ್ಟ್ ಬಿಗಿದವನೇ ಬಂದು ಎತ್ತಿ ಅವಳ ಕಿವಿಗೆ ಹಿಡಿದ.

"ಆ ಗಾಡಿ ಬಂತಕ್ಕ, ಕರ್ಕೊಂಡು ಹೋದ್ರು," ಎಂದ ತಮ್ಮ. "ಆಸ್ಪತ್ರೆ ಬಾಗಿಲಲ್ಲೇ ಹೆರಿಗೆ ಆಯ್ತಂತೆ. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ. ಮಾಲೀಕರು ಫೋನಲ್ಲಿ ಎಲ್ಲಾ ಹೇಳಿದ್ರು. ಕಣ್ಣಿನ ವಿಷಯ ನನಗಾದ್ರೂ ಹೇಳ್ಬಾರ್ದಿತ್ತಾ?"



ಮರುದಿನ ಗಾಡಿಯನ್ನು ಎಳೆದು ತಂದು ಹೆಡ್ಡು ಬಿಚ್ಚಿದರು. ಮೂರನೇ ಸಿಲಿಂಡರಿನ ಎರಡು ವಾಲ್ವ್‌ಗಳ ನಡುವೆ ಬಿರುಕಿತ್ತು. ಮಾಲೀಕ ಅವಳ ಬೆರಳು ಹಿಡಿದು ಅದರ ಮೇಲಿಟ್ಟ. "ಆಪರೇಷನ್ ಮಾಡಿಸ್ಕೊಂಡು ಬನ್ನಿ. ಅಲ್ಲೀವರೆಗೂ ಈ ಮೇಜು ಮುಟ್ಟೋ ಹಾಗಿಲ್ಲ," ಎಂದ. ದನಿಯಲ್ಲಿ ಸಿಟ್ಟು ಇಳಿದಿರಲಿಲ್ಲ.

ಎರಡು ತಿಂಗಳಿಗೆ ಅವಳು ಕೆಲಸಕ್ಕೆ ಮರಳಿದಳು. ಬಲಗಣ್ಣು ಈಗ ಸ್ವಚ್ಛವಾಗಿ ಕಾಣುತ್ತದೆ. ಆದರೂ "ಹಾಕ್ಕೊಳ್ಳಿ" ಅನ್ನುವ ಮೊದಲು ಯಾರನ್ನಾದರೂ ಕರೆದು ತೋರಿಸುತ್ತಾಳೆ. ಗಾಡಿ ಒಂದು ಸುತ್ತು ಹೋಗಿ ಬರುವ ತನಕ ಅವಳು ಊಟದ ಡಬ್ಬಿ ತೆರೆಯುವುದಿಲ್ಲ.