ಇಮಾಮ್ ಚಾಚಾ ತಟ್ಟಿ ನೋಡಿದ ಸಿನಿಮಾ

ಇಮಾಮ್ ಚಾಚಾ ಸಿನಿಮಾ ನೋಡುತ್ತಿದ್ದದ್ದು ಕಣ್ಣು ಮುಚ್ಚಿಕೊಂಡು. ನಿದ್ದೆ ಹೋಗಿದ್ದಾರೆಂದು ತಿಳಿದು ನಡುವೆ ಮಾತಾಡಿದವರು ಆಮೇಲೆ ಪಶ್ಚಾತ್ತಾಪ ಪಟ್ಟಿದ್ದಾರೆ.

ಶಹಾಬಾದಿನಲ್ಲಿ ನಮ್ಮ ಮನೆಯ ಗೋಡೆಗೆ ಹತ್ತಿಕೊಂಡೇ ಗಣಿಯ ಕಲ್ಲಿಗೆ ಪಾಲಿಶ್ ಹಾಕುವ ಒಂದು ಅಡ್ಡೆ. ಅಲ್ಲಿ ಚಪ್ಪಡಿ ಆರಿಸುವುದು ಚಾಚಾನ ಕೆಲಸ. ಬೆರಳ ಗೆಣ್ಣಿನಿಂದ ಕಲ್ಲನ್ನು ತಟ್ಟಿ ಕಿವಿಗೊಡುತ್ತಿದ್ದರು. ಗಟ್ಟಿ ಕಲ್ಲು ಥಣ್ ಅನ್ನುತ್ತದೆ, ಒಳಗೆ ಸೀಳಿದ್ದರೆ ಥಪ್ ಅನ್ನುತ್ತದೆ. ಥಣ್ ಅಂದದ್ದರ ಬೆನ್ನಿಗೆ ಅದನ್ನು ಗಣಿಯಿಂದ ಎಬ್ಬಿಸಿದವರ ಹೆಸರನ್ನು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಥಪ್ ಅಂದದ್ದಕ್ಕೆ ಹೆಸರಿಲ್ಲ. ಅದು ಜಲ್ಲಿಗೆ.

ಮಧ್ಯಾಹ್ನ ಕರೆಂಟು ಹೋಗಿ ಪಾಲಿಶ್ ಮಶೀನು ನಿಂತರೆ ಅಡ್ಡೆಯಲ್ಲಿ ಚಿತ್ರೋತ್ಸವ. ಹಾಸಿದ್ದು ಕೆಂಪು ಜಮಖಾನವಲ್ಲ, ಕಲ್ಲಿನ ಪುಡಿ. ಫೋನನ್ನು ಚಪ್ಪಡಿಗೆ ಒರಗಿಸಿ ಕಿರುಚಿತ್ರವನ್ನೋ ಸಾಕ್ಷ್ಯಚಿತ್ರವನ್ನೋ ಹಚ್ಚುತ್ತಿದ್ದರು. ಯಾಕೆ ಸಣ್ಣವೇ ಎಂದರೆ, "ಕರೆಂಟ್ ಅರ್ಧ ತಾಸಿಗೆ ಬರ್ತದ ಬೇಟಾ. ಹೀರೋ ಬರೋದ್ರಾಗ ಮಶೀನ್ ಚಾಲೂ ಆಗ್ತದ."

ಇಂಗ್ಲಿಷ್ ಅಡಿಬರಹವನ್ನು ಕನ್ನಡದಲ್ಲಿ ಓದಿ ಹೇಳುವವಳು ನಾನು. ಎರಡು ಪದವಿಗಳ ಮೇಲೆ ನನಗೆ ಸಿಕ್ಕ ಮೊದಲ ಉದ್ಯೋಗ ಅದು. ಚಿತ್ರ ಹಿಡಿಸಿದರೆ ಕೊನೆಯಲ್ಲಿ ಓಡುವ ಹೆಸರುಗಳನ್ನೂ ಓದಿಸುತ್ತಿದ್ದರು. ಶಬ್ದ ಹಿಡಿದವರು ಯಾರೆಂದು ಕೇಳಿ, ಆ ಹೆಸರು ಹಾಕಿ ಇನ್ನೊಂದು ಚಿತ್ರ ಹುಡುಕಿಸುವರು. "ಒಂದು ಛಲೋ ಕಲ್ಲು ಎಬ್ಬಿಸಿದವ ಇನ್ನೊಂದೂ ಎಬ್ಬಿಸ್ತಾನ." ನೋಡಲೇಬೇಕಾದ ಹತ್ತು ಚಿತ್ರಗಳೆಂಬ ಪಟ್ಟಿಗಳ ಮೇಲೆ ನನಗಿದ್ದ ವಿಶ್ವವಿದ್ಯಾಲಯದ ಭಕ್ತಿ ಅವರಿಗೆ ಇರಲಿಲ್ಲ. ಗೆದ್ದ ಪ್ರಶಸ್ತಿಗೊಂದರಂತೆ ಎಲೆಬಳ್ಳಿಯ ಗುರುತು ತುಂಬಿದ ಪೋಸ್ಟರೊಂದನ್ನು ಗೌರವದಿಂದ ತೋರಿಸಿದೆ. "ಇಷ್ಟು ಎಲಿ ಹಚ್ಯಾರಲ್ಲ, ಆಡು ನೋಡಿದ್ರ ತಿಂದು ಬಿಡ್ತದ" ಅಂದರು. ನೀರಿಲ್ಲದ ಊರಿನ ಚಿತ್ರವೊಂದನ್ನು ಎರಡೇ ನಿಮಿಷಕ್ಕೆ ನಿಲ್ಲಿಸಿದರು. "ಈಕಿ ನೀರಿಗೆ ಹೊಂಟಾಳ, ಖರೆ. ಬೆನ್ನಿಂದ ಪಿಟೀಲು ಯಾಕ ಹೊಂಟದ?"

ಇಷ್ಟೆಲ್ಲ ಕೇಳಿಯೂ ನಾನು ಅವರ ಮುಂದೆ ನನ್ನ ಚಿತ್ರ ಇಟ್ಟೆ. ರಾವೂರಿನ ಗಣಿಯಲ್ಲಿ ಕಲ್ಲೊಡೆಯುವ ನಾಗಮ್ಮನ ಮೇಲೆ ಹನ್ನೊಂದು ನಿಮಿಷ. ಹೆಸರು ಹಾಕದೆ ಅಂತರ್ಜಾಲಕ್ಕೆ ಏರಿಸಿದ್ದೆ. ಉಳಿಸಿಕೊಳ್ಳಬೇಕೋ ಅಳಿಸಬೇಕೋ ಎಂಬುದನ್ನು ಅವರ ಕಿವಿಗೆ ಬಿಟ್ಟು, "ಎಲ್ಲೋ ಸಿಕ್ತುರಿ ಚಾಚಾ" ಅಂದೆ.

ಕಣ್ಣು ಮುಚ್ಚಿದರು. ಕೊಳಲು ಶುರುವಾಯಿತು. "ಗಣಿಯಾಗ ಕೊಳಲು ಯಾರು ಊದ್ಲಿಕತ್ತಾರ?"

ಪಾಲಿಶ್ ಮಾಡುವ ಶರಣಪ್ಪ ಮೂಗು ಒರೆಸಿಕೊಂಡ. "ನನಗಂತೂ ಅಳು ಬಂತ್ರಿ."

"ನಿನಗ ಉಳ್ಳಾಗಡ್ಡಿ ಹೆಚ್ಚಿದ್ರೂ ಬರ್ತದ. ಸುಮ್ಕ ಕುಂದ್ರು."

ಏಳನೇ ನಿಮಿಷದಲ್ಲಿ ಒಂದು ಕಡೆ ಕೊಳಲು ಕೂಡಿಸಲು ಮರೆತಿದ್ದೆ. ಅಲ್ಲಿ ಬರೀ ಸುತ್ತಿಗೆಯ ಪೆಟ್ಟು, ನಾಗಮ್ಮನ ಬೈಗುಳ: "ಏ ಹುಡುಗಿ, ಸರಿ ಅತ್ಲಾಗ, ಬೆಳಕಿಗಿ ಅಡ್ಡ ನಿಂತೀದಿ." ಕ್ಯಾಮೆರಾ ಹಿಂದಿನಿಂದ ಸಣ್ಣ ದನಿ: "ಆತು ಆಯಿ, ಸರೀತೀನಿ."

ಚಾಚಾ ಕಣ್ಣು ತೆರೆದರು. ಪರದೆಯನ್ನಲ್ಲ, ನನ್ನನ್ನು ನೋಡಿದರು.

"ಹೆಸರು ತಗದಿ, ದನಿ ತಗಿಲಿಕ್ಕಿ ಮರತಿ."

ದಿನಾ ಕಣ್ಣು ಮುಚ್ಚಿ ನನ್ನ ದನಿಯನ್ನೇ ಕೇಳಿದ ಮನುಷ್ಯನ ಮುಂದೆ ಗುಟ್ಟು ಕಾಪಾಡಿದ ಜಾಣೆ ನಾನು.

"ಥಪ್ ಅಂತದೇನ್ರಿ?"

"ಈ ಒಂದು ತುಕಡಿ ಥಣ್ ಅಂತದ. ಉಳಿದದ್ದು ಜಲ್ಲಿ." ನಾನು ಮರೆತ ಜಾಗವೊಂದೇ ಪಾಸಾಗಿತ್ತು.

ಆ ತುಕಡಿಯಿಂದಲೇ ಮತ್ತೆ ಶುರುಮಾಡಿ, ಕೊಳಲು ಕಿತ್ತು, ಚಿತ್ರವನ್ನು ಹೊಸದಾಗಿ ಕೂಡಿಸಲು ನಾಲ್ಕು ತಿಂಗಳು ಬೇಕಾಯಿತು. ಅಷ್ಟರಲ್ಲಿ ಕಲ್ಲಿನ ಪುಡಿ ಚಾಚಾನ ಎದೆ ಹಿಡಿದಿತ್ತು. ಮಗಳು ತನ್ನೂರು ಚಿಮ್ಮನಚೋಡಕ್ಕೆ ಕರೆದೊಯ್ದಿದ್ದಳು. ಕಾಳಗಿ ಮೇಲೆ ಹಾದುಹೋಗುವ ಬಸ್ಸು ಹಿಡಿದು ಹೋದೆ. ಗೋಡೆಗೆ ಒರಗಿ ಕೂತಿದ್ದರು. ಕೆಮ್ಮು ಬಂದಾಗಲೆಲ್ಲ ಕೈ ಎತ್ತಿ ಚಿತ್ರ ನಿಲ್ಲಿಸುವರು. ಹಿಂದೆ ಸರಿಸಿ ಕೇಳುವರು. ಒಂದು ಪೆಟ್ಟೂ ಬಿಡಲಿಲ್ಲ.

ಮುಗಿದಾಗ ಫೋನಿನ ಬೆನ್ನಿಗೆ ಗೆಣ್ಣಿನಿಂದ ಒಮ್ಮೆ ತಟ್ಟಿದರು.

"ಓದು."

"ಏನ್ರಿ?"

"ಹೆಸರು."

ಪರದೆ ಕಪ್ಪಗಿತ್ತು. ಈ ಸಲವೂ ನಾನು ಹಾಕಿರಲಿಲ್ಲ.

"ಎಂ.ಎ. ತನಕ ಓದೀದಿ, ಒಂದು ಹೆಸರು ಓದ್ಲಿಕ್ಕಿ ಬರಂಗಿಲ್ಲೇನು?"

ನನ್ನ ಹೆಸರು ಹೇಳಿದೆ.

"ಕೇಳಲಿಲ್ಲ."

ಸುತ್ತಿಗೆಯ ಒಂದು ಪೆಟ್ಟೂ ಬಿಡದ ಕಿವಿಗೆ ಕೇಳಿತ್ತು. ಆದರೂ ಇನ್ನೊಮ್ಮೆ, ಮಗಳು ಒಳಗಿನಿಂದ ಬಗ್ಗಿ ನೋಡುವ ಹಾಗೆ ಹೇಳಿದೆ. ಚಾಚಾ ಕಣ್ಣು ಮುಚ್ಚಿಕೊಂಡರು.

ಮಳೆಗಾಲಕ್ಕೆ ಮೊದಲೇ ಹೋಗಿಬಿಟ್ಟರು. ಅಡ್ಡೆಯಲ್ಲಿ ಈಗಲೂ ಕರೆಂಟು ಹೋಗುತ್ತದೆ, ಶರಣಪ್ಪ ಫೋನು ಒರಗಿಸುತ್ತಾನೆ, ಅಳುತ್ತಾನೆ. ಚಿತ್ರ ಮುಗಿದು ಹೆಸರುಗಳು ಏರತೊಡಗಿದ ಕೂಡಲೇ ಫೋನು ನಿಲ್ಲಿಸಲು ಕೈ ಚಾಚುತ್ತಾನೆ.

"ತಡಿ, ಇನ್ನೂ ಮುಗದಿಲ್ಲ" ಅನ್ನುತ್ತೇನೆ. ಗೋಡೆಯಾಚೆ ನಮ್ಮ ಅಡುಗೆಮನೆಗೂ ಕೇಳುವ ಹಾಗೆ ಒಂದೊಂದೇ ಹೆಸರು ಓದುತ್ತೇನೆ.