ಸೆರಗಿಗೆ ಇಳಿದ ನೀರು

ಆಗ ಲಡಾಯಿಯ ಕಾಲ. ಪೆಟ್ರೋಲಿಲ್ಲದೆ ಮೋಟಾರುಗಳು ಇದ್ದಲ ಗ್ಯಾಸಿನ ಮೇಲೆ ಓಡುತ್ತಿದ್ದವು. ಆ ಹೊಗೆಯ ವಾಸನೆ ನೆನಪಾದರೆ ಶರಣಬಸಮ್ಮನಿಗೆ ಇಂದಿಗೂ ಅತ್ತೆ ಭಾಗಮ್ಮನೇ ಕಣ್ಮುಂದೆ ಬರುತ್ತಾಳೆ.

ಮಾದನಹಿಪ್ಪರಗಾದ ಭಾಗಮ್ಮ ಐದು ಮಕ್ಕಳನ್ನು ಹಡೆದರೂ ಒಮ್ಮೆಯೂ ಕಟ್ಟೆಯ ಮೇಲಿನವರಿಗೆ ಕೇಳುವಂತೆ ನರಳಿದವಳಲ್ಲ. ಹೆಣ್ಣಿನ ನೋವು ಗಂಡಸರ ಕಿವಿಗೆ ಬೀಳಬಾರದು ಎನ್ನುವ ಮನೆತನ ಅದು. ಕಲಬುರ್ಗಿಯಲ್ಲಿ ಓದಿದ ಸೊಸೆ ಮೊದಲ ಹೆರಿಗೆಯಲ್ಲಿ ಓಣಿಗೆಲ್ಲ ಕೇಳುವಂತೆ ಚೀರಿದಾಗ ಅತ್ತೆ ಬೈಯಲಿಲ್ಲ. ನಮ್ಮ ಸೊಸಿ ಸಾಲಿ ಕಲತಾಕಿ, ಭಾಳ ಗಟ್ಟಿಯಾಗಿ ಓದ್ತಾಳ ಎಂದು ಬಂದವರ ಮುಂದೆಲ್ಲ ನಗುತ್ತಿದ್ದಳು.

ಭಾಗಮ್ಮನ ಕುತ್ತಿಗೆಯ ಗಡ್ಡೆ ಬೆಳೆದು ಉಸಿರಿಗೇ ಅಡ್ಡ ಬಂದಾಗ ಮಾವ ಶಾಂತಲಿಂಗಪ್ಪ ಆಕೆಯನ್ನು ಇದ್ದಲ ಹೊಗೆಯ ಮೋಟಾರಿನಲ್ಲಿ ಖಜೂರಿಯ ಹಾದಿಯಾಗಿ ಸೊಲ್ಲಾಪುರದ ದವಾಖಾನೆಗೆ ಕರೆದೊಯ್ದ. ಜೊತೆಗೆ ಕೈಗೂಸಿನೊಂದಿಗೆ ಶರಣಬಸಮ್ಮ. ಗಡ್ಡೆ ತೆಗೆದ ಡಾಕ್ಟರು ಸೊಸೆಗೆ ಬಿಡಿಸಿ ಹೇಳಿದರು: ಹೊಲಿಗೆ ಹಾಕುವಾಗ ಗಾಯದ ಸುತ್ತ ಜೋಮು ಹಿಡಿಸುವ ಸೂಜಿ ಚುಚ್ಚಿದ್ದೇನೆ, ಒಂದಿಷ್ಟು ಹೊತ್ತು ನೋವು ತಿಳಿಯುವುದಿಲ್ಲ. ಜೋಮು ಇಳಿದು ನೋವೆದ್ದರೆ ಹೇಳಬೇಕು, ಮತ್ತೆ ಚುಚ್ಚುತ್ತೇನೆ. ನೋವಿಗೆ ಹೆದರಿ ನುಂಗದೆ, ಕೆಮ್ಮದೆ ಮಲಗಿದರೆ ಎದೆಯಲ್ಲಿ ಕಫ ಕಟ್ಟಿ ಜೀವಕ್ಕೆ ಕುತ್ತು.

ಮೊದಮೊದಲು ಭಾಗಮ್ಮ ಗೆಲುವಾಗಿಯೇ ಇದ್ದಳು. ಕುತ್ತಿಗೆ ತನ್ನದಲ್ಲ, ಯಾರದೋ ತಂದು ಅಂಟಿಸಿದಂಗ ಅದ ಎಂದು ಪಿಸುಗುಟ್ಟಿದಳು. ಹೊತ್ತು ಇಳಿದಂತೆ ಮಾತು ನಿಂತಿತು. ಶರಣಬಸಮ್ಮ ಒಮ್ಮೆ ಕೂಸಿನ ಹಣೆ ಮುಟ್ಟುವಳು, ಒಮ್ಮೆ ಅತ್ತೆಯ ಉಸಿರು ನೋಡುವಳು. ಚಮಚದಲ್ಲಿ ನೀರು ಹಾಕಿದರೆ ಅತ್ತೆ ಬಾಯಲ್ಲಿ ಹಿಡಿದು ಗೋಡೆಯತ್ತ ತಿರುಗುತ್ತಿದ್ದಳು. ಹೊದಿಕೆ ಸರಿಮಾಡಲು ಹೋದ ಸೊಸೆಯ ಕೈಗೆ ಅತ್ತೆಯ ಸೆರಗು ತಟ್ಟಿತು. ತೊಯ್ದು ತೊಪ್ಪೆಯಾಗಿತ್ತು. ಕುಡಿಸಿದ ನೀರೆಲ್ಲ ಅಲ್ಲೇ ಇತ್ತು.

ಅಷ್ಟರಲ್ಲಿ ಡಾಕ್ಟರು ಬಂದರು, ಬೆನ್ನಿಗೆ ಮಾವ. ನೋವು ಅದ ಏನು ಎಂದು ಕೇಳಿದರೆ ಭಾಗಮ್ಮ ಗಂಡನ ಕಡೆ ನೋಡಿ, ಏನಿಲ್ಲ ಎಂಬಂತೆ ಕೈ ಆಡಿಸಿದಳು. ಡಾಕ್ಟರು ಮುಂದಿನ ಮಂಚದತ್ತ ಹೊರಟರು.

ಮದುವೆಯಾಗಿ ಬಂದಾಗಿನಿಂದ ಶರಣಬಸಮ್ಮ ಮಾವನೆದುರು ತುಟಿ ಬಿಚ್ಚಿರಲಿಲ್ಲ. ಈಗ ಬಿಚ್ಚಿದರೆ ಅತ್ತೆಯ ಹೆಸರಿಗೆ ಮಸಿ, ಸುಮ್ಮನಿದ್ದರೆ ಅತ್ತೆಯೇ ಇಲ್ಲ. ಕೂಸನ್ನು ಎದೆಗೊತ್ತಿ ಎದ್ದಳು.

"ಸಾಹೇಬ್ರ, ನಿಂದರ್ರಿ. ನಮ್ಮ ಅತ್ತಿಗಿ ಭಾಳ ನೋವಾಗಾಕತ್ತದ. ಹನಿ ನೀರು ಸೈತ ಒಳಗ ಹೋಗಿಲ್ಲ. ಈ ಸೆರಗ ನೋಡ್ರಿ."

ಶಾಂತಲಿಂಗಪ್ಪ ಸೆರಗು ನೋಡಿದ, ಹೆಂಡತಿಯ ಮುಖ ನೋಡಿದ. ರುಮಾಲು ಸರಿಮಾಡಿಕೊಳ್ಳುತ್ತ ಪಡಸಾಲೆಗೆ ಹೋದ. ಭಾಗಮ್ಮನ ಕಣ್ಣಿಂದ ನೀರು ಇಳಿಯಿತು.

ಡಾಕ್ಟರು ಮತ್ತೆ ಸೂಜಿ ಹಾಕಿದರು. ಸ್ವಲ್ಪ ಹೊತ್ತಿಗೆ ಹುಬ್ಬಿನ ಗಂಟು ಸಡಿಲಿತು. ಚಮಚದ ನೀರು ಗುಟುಕ್ಕೆಂದು ಒಳಗೆ ಇಳಿಯಿತು. ಅಂಗೈಯಿಂದ ಕುತ್ತಿಗೆ ಒತ್ತಿಹಿಡಿದು ಭಾಗಮ್ಮ ಕೆಮ್ಮಿದಳು, ಮತ್ತೊಮ್ಮೆ ಕೆಮ್ಮಿದಳು.

ತನ್ನ ಮೇಲೆ ಸಿಟ್ಟೇನು ಎಂದು ಸೊಸೆ ಅಂಜುತ್ತ ಕೇಳಿದಳು. ಅತ್ತೆ, ಊರಾಗ ಈ ಮಾತು ಆಡಬ್ಯಾಡ್ರಿ ಅಂತ ಮಾವಗ ಹೇಳು ಎಂದಳು.

"ನಾ ಹೆಂಗ ಹೇಳಲಿ, ಅತ್ತಿ?"

"ನೀನ ಹೇಳ ಬೇ. ಹೆಂಗೂ ಅವರ ಮುಂದ ಬಾಯಿ ತಗದಿ. ಮದಲ ಇನ್ನೊಂದು ಚಮಚಾ ನೀರ ಹಾಕು."