ಅಕ್ಕೋರ ಗೋಡೆಯ ಕಟ್ಟಿಗೆಗಳು

ನಿವೃತ್ತಿಯ ತನಕ ಅಕ್ಕೋರ ಹೆಬ್ಬೆರಳಿನ ಉಗುರಿನಡಿ ಸೀಮೆಸುಣ್ಣವಿತ್ತು. ಆಮೇಲೆ ಕೆಂಪು ಮಣ್ಣು ಬಂತು. ಶಹಾಪುರದ ಶಾಲೆಯಲ್ಲಿ ನನಗೆ ಚರ್ಚಾಸ್ಪರ್ಧೆ ಕಲಿಸಿದವರು ಅವರೇ. ನಾನು ಏನು ಹೇಳಿದರೂ "ಹೌದಾ? ಯಾರು ನೋಡ್ಯಾರ?" ಎನ್ನುವುದು ಅವರ ರೂಢಿ.

ನಿವೃತ್ತರಾದ ಮೇಲೆ ಅವರು ಮನೆ ಕಟ್ಟಿಸಲು ಹೊರಟರು, ಪುಸ್ತಕವೊಂದರಲ್ಲಿ ಕಂಡ ಪಶ್ಚಿಮ ಆಫ್ರಿಕಾದ ಮನೆಗಳ ಹಾಗೆ. ಮೊಳ ದಪ್ಪದ ಮಣ್ಣಿನ ಗೋಡೆ, ಬಿಸಿಗಾಳಿ ಹೊರಹೋಗಲು ಮೇಲೆ ಸಣ್ಣ ಕಿಂಡಿ, ವರ್ಷಕ್ಕೊಮ್ಮೆ ಮೇಲೇರಿ ನಿಂತು ಮಣ್ಣು ಮೆತ್ತಲು ಗೋಡೆಯಿಂದ ಚಾಚಿದ ಕಟ್ಟಿಗೆಗಳು.

"ಅಕ್ಕೋರೇ, ಆಫ್ರಿಕಾ ಎಲ್ಲಿ, ಶಹಾಪುರ ಎಲ್ಲಿ?" ಎಂದೆ.

"ಸೂರ್ಯಗ ಪಾಸ್‌ಪೋರ್ಟ್ ಕೇಳ್ತಿಯೇನು?"

ಅವರ ತಮ್ಮನ ವಾದ ನನ್ನದಕ್ಕಿಂತ ಗಟ್ಟಿ. "ನಮ್ಮನ್ನ ಊರ ಹೊರಗ ಮಣ್ಣಿನ ಗುಡಸಲದಾಗ ಇಟ್ಟಿದ್ರು, ಅಕ್ಕಾ. ಸಿಮೆಂಟಿಗೆ ಬರಾಕ ಮೂರು ತಲಿಮಾರು ಹಿಡೀತು. ನೀ ಹೊಳ್ಳಿ ಮಣ್ಣಿಗೆ ಹೊಂಟಿ. ನಾ ನಿನ್ನ ಹೊಸ್ತಿಲ ತುಳಿಯಂಗಿಲ್ಲ."

"ಆವಾಗ ಅವರು ಇಟ್ಟಿದ್ರು. ಈಗ ನಾನೇ ಆರಿಸ್ಕೊಂಡೀನಿ. ಮಣ್ಣು ಅವರಪ್ಪಂದೇನು?"

ಗೃಹಪ್ರವೇಶದ ಹಿಂದಿನ ದಿನ, ಮನೆ ಕಟ್ಟಿದ ಗೌಂಡಿ ಉಸ್ತಾದರು ಬೀದಿ ಕಡೆಯ ಗೋಡೆಯ ಕಟ್ಟಿಗೆಗಳನ್ನೆಲ್ಲ ನೀಟಾಗಿ ಕೊಯ್ದುಹಾಕಿದ್ದರು. ಉಪಕಾರ ಮಾಡಿದ ಮುಖದಲ್ಲಿ ಹೇಳಿದರು: "ಕೆಲಸಾ ಮುಗಿದ ಮ್ಯಾಲೂ ಕಟ್ಟಿಗಿ ಹಂಗೇ ಬಿಟ್ರ ಮಂದಿ ನಗ್ತಾರ್ರಿ. ನನ್ನ ಇಜ್ಜತ್ ಹೋಗ್ತದ."

ಹತ್ತಿ ನಿಲ್ಲಲು ಕಟ್ಟಿಗೆಯಿಲ್ಲದೆ ಆ ಗೋಡೆಗೆ ಮಳೆಗೆ ಮುಂಚೆ ಕೊನೆಯ ಮೆತ್ತಿಗೆ ಹಾಕಲಾಗಲಿಲ್ಲ. ಏಣಿ ಒರಗಿಸಿದರೆ ಮಣ್ಣು ಕಿತ್ತುಬರುತ್ತಿತ್ತು. ಮೊದಲ ದೊಡ್ಡ ಮಳೆಗೆ ಮೆತ್ತಿದ ಮಣ್ಣು ಹಪ್ಪಳದಂತೆ ಎದ್ದು ಬೀದಿಗೆ ಬಿತ್ತು.

"ನೋಡಿದ್ಯಾ?" ಎಂದರು ತಮ್ಮ, ಬೀದಿಯಲ್ಲೇ ನಿಂತು. ನನ್ನ ಮುಖದಲ್ಲೂ ಅದೇ ಪ್ರಶ್ನೆ ಇದ್ದಿರಬೇಕು. ಉಸ್ತಾದರು ತಲೆ ತಗ್ಗಿಸಿದ್ದರು.

"ತಪ್ಪು ನಂದು," ಎಂದರು ಅಕ್ಕೋರು. "ಕಟ್ಟಿಗಿ ಇಡ್ರಿ ಅಂದೆ, ಯಾಕ ಅಂತ ಉಸ್ತಾದರಿಗಿ ಹೇಳಲಿಲ್ಲ. ಮಣ್ಣಿಗಿ ವರ್ಷಾ ಕೈ ಹತ್ತಬೇಕು, ಅದೂ ಖರೆ. ಆದ್ರ ಬಿದ್ದದ್ದು ಮೆತ್ತಿಗಿ. ಗ್ವಾಡಿ ನಿಂತದ."

ಒಂದಂಶ ಬಿಟ್ಟುಕೊಟ್ಟರೂ ಸೋಲು ಎಂದು ನಂಬಿ ಕಪ್ ಗೆದ್ದವನು ನಾನು. ಅವರು ಒಂದೇ ಉಸಿರಿನಲ್ಲಿ ಎರಡು ಬಿಟ್ಟುಕೊಟ್ಟರು. ಒಂದಿಂಚೂ ಹಿಂದೆ ಸರಿಯಲಿಲ್ಲ. ಮರುದಿನವೇ ಗೋಡೆಗೆ ತೂತು ಕೊರೆಸಿ ಹೊಸ ಕಟ್ಟಿಗೆ ಹಾಕಿಸಿದರು.

ಈ ವರ್ಷ ಯುಗಾದಿ ಕಳೆದ ಮೇಲೆ ಅಕ್ಕೋರು ತೀರಿಕೊಂಡರು. ಅಂತ್ಯಕ್ರಿಯೆಯ ದಿನವೂ ಬೀದಿಯಲ್ಲೇ ನಿಂತಿದ್ದ ತಮ್ಮ ಮೇ ತಿಂಗಳಲ್ಲಿ ಮೊದಲ ಸಲ ಒಳಗೆ ಬಂದರು. ಮನೆ ಕೆಡವಿ ಸ್ಲ್ಯಾಬ್ ಹಾಕಬೇಕಿತ್ತು ಅವರಿಗೆ.

"ಗೆದ್ದಲ ಹತ್ತತಾವ, ಹೌದ್ರಿ ಕಾಕಾ," ಎಂದೆ. "ವರ್ಷಾ ಮೆತ್ತಬೇಕು, ಹೌದು. ನೀವು ಉಂಡ ಅವಮಾನ ನಾ ಉಂಡಿಲ್ಲ, ಅದೂ ಹೌದು. ಇಷ್ಟು ಒಪ್ಪಿದ ಮ್ಯಾಲೂ ಕೆಡವಬ್ಯಾಡ್ರಿ ಅಂತೀನಿ."

"ನಿನಗೇನು ಹಕ್ಕದ?"

"ಹಕ್ಕಿಲ್ರಿ, ವಾದ ಅದ. ಕೂಡ್ರಿ."

ಮಧ್ಯಾಹ್ನ ಎರಡು ಗಂಟೆ, ಕರೆಂಟ್ ಹೋಗಿತ್ತು. ನನ್ನ ಮಾತು ಅರ್ಧಕ್ಕೆ ಬರುವಷ್ಟರಲ್ಲಿ ಅವರು ಬೆವರು ಒರೆಸುವುದನ್ನು ನಿಲ್ಲಿಸಿ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡಿದ್ದರು. ವಾದ ಮುಗಿದ ಮೇಲೂ ಏಳದೆ ತಂಪು ಗೋಡೆಗೆ ಬೆನ್ನು ಕೊಟ್ಟು ಕೂತರು.

"ಮಳಿ ಬರೂದ್ರಾಗ ಮೆತ್ತಬೇಕಲ್ಲ," ಎಂದರು ಕಡೆಗೆ, ಸಿಟ್ಟಿನಿಂದಲೇ. "ಎಲ್ಲಿ ಹೋಗ್ಯಾನ ಆ ಉಸ್ತಾದ್?"